ಮುದ್ರಿತ ರಬ್ಬರು ಹೊರಮೈಯಿಂದಲೇ ಹರಿಯತೊಡಗುತ್ತದೆ: 3ಡಿ ಮುದ್ರಣದ ಎಲಾಸ್ಟೊಮರ್ ಭಾಗಗಳ ನುಣುಪು ಮತ್ತು ಬಲ

ಎಳೆದರೆ ಹಿಗ್ಗಿ, ಬಿಟ್ಟರೆ ಮತ್ತೆ ಮೊದಲಿನ ಆಕಾರಕ್ಕೆ ಬರುವ ರಬ್ಬರಿನಂಥ ವಸ್ತುಗಳಿಗೆ ಎಲಾಸ್ಟೊಮರ್ ಎಂದು ಹೆಸರು. ಶೂಗಳ ನಡುಪದರ, ಪಾದದ ಅಳತೆಗೆ ತಕ್ಕಂತೆ ಮಾಡುವ ಇನ್‌ಸೋಲ್, ಯಂತ್ರಗಳ ಗ್ಯಾಸ್ಕೆಟ್, ಹೆಲ್ಮೆಟ್‌ನ ಒಳಮೆತ್ತೆ, ರೋಬಾಟ್‌ನ ಮೆದುವಾದ ಹಿಡಿಕೆ ಮುಂತಾದವನ್ನು ಇಂಥ ವಸ್ತುವಿನಿಂದ ಪದರ ಪದರವಾಗಿ ಕಟ್ಟುವ 3ಡಿ ಮುದ್ರಣ ಈಗ ಪ್ರಯೋಗಾಲಯವನ್ನು ದಾಟಿ ಉತ್ಪಾದನೆಗೆ ಬಂದಿದೆ. ಇದರಲ್ಲಿ ಅಚ್ಚು ಮಾಡಿಸುವ ಖರ್ಚಿಲ್ಲ. ಯಾವ ಅಚ್ಚಿನಿಂದಲೂ ಬಿಡಿಸಿ ತೆಗೆಯಲಾಗದ ಜಾಲರಿಯ ರಚನೆಗಳನ್ನೂ ಕಟ್ಟಬಹುದು. ಆದರೆ ಯಂತ್ರದಿಂದ ಹೊರಬಂದ ಭಾಗದಲ್ಲಿ ಎರಡು ಕೊರತೆಗಳು ಬೇಗನೆ ಗೊತ್ತಾಗುತ್ತವೆ. ಅದರ ಮೈ ತರಿತರಿಯಾಗಿರುತ್ತದೆ. ಮತ್ತು ಅದೇ ವಸ್ತುವನ್ನು ಅಚ್ಚಿನಲ್ಲಿ ತುಂಬಿ ಮಾಡಿದ ಭಾಗಕ್ಕಿಂತ ಅದು ಬೇಗ ಹರಿಯುತ್ತದೆ.

ಒರಟುತನವನ್ನು ಅಂದದ ಸಮಸ್ಯೆಯೆಂದೂ ಹರಿಯುವುದನ್ನು ಬಲದ ಸಮಸ್ಯೆಯೆಂದೂ ಬೇರ್ಪಡಿಸಿ, ಮೊದಲನೆಯದನ್ನು ಕೊನೆಯ ಹಂತದ ಕೆಲಸಗಾರನಿಗೂ ಎರಡನೆಯದನ್ನು ವಿನ್ಯಾಸಕನಿಗೂ ಒಪ್ಪಿಸುವುದು ರೂಢಿ. ಎಲಾಸ್ಟೊಮರ್‌ಗಳ ಮಟ್ಟಿಗೆ ಈ ವಿಂಗಡಣೆ ನಿಲ್ಲುವುದಿಲ್ಲ. ಇವು ತಮ್ಮ ಉದ್ದದ ಎರಡು ಮೂರು ಪಟ್ಟು ಹಿಗ್ಗಬೇಕಾದ ವಸ್ತುಗಳು. ಆ ಹಿಗ್ಗುವಿಕೆಯಲ್ಲಿ ಮೇಲ್ಮೈಯ ಪ್ರತಿಯೊಂದು ಸಣ್ಣ ತಗ್ಗೂ ಬಾಯಿ ತೆರೆಯುತ್ತದೆ, ಸೀಳು ಬಹುಪಾಲು ಅಲ್ಲಿಂದಲೇ ಹೊರಡುತ್ತದೆ. ಹೀಗಾಗಿ ಮೇಲ್ಮೈಗೆ ಮಾಡುವ ಯಾವುದೇ ಉಪಚಾರ ಬಲದ ಮೇಲೂ ಒಳ್ಳೆಯದೋ ಕೆಟ್ಟದೋ ಒಂದು ಪರಿಣಾಮ ಬೀರಿಯೇ ಬೀರುತ್ತದೆ. ಈ ಮಾತನ್ನು ಸ್ಪಷ್ಟಪಡಿಸಲು, ಮುದ್ರಣದಲ್ಲಿ ಇಂದು ಅತಿ ಹೆಚ್ಚು ಬಳಕೆಯಲ್ಲಿರುವ ಥರ್ಮೋಪ್ಲಾಸ್ಟಿಕ್ ಪಾಲಿಯುರೆಥೇನ್, ಅಂದರೆ ಟಿಪಿಯು, ಎಂಬ ಒಂದೇ ವಸ್ತುವನ್ನು ಮುಖ್ಯವಾಗಿ ಇಟ್ಟುಕೊಂಡು ನೋಡೋಣ.

ಟಿಪಿಯುವಿನ ಒಂದೊಂದು ಅಣುಸರಪಳಿಯಲ್ಲೂ ಎರಡು ಬಗೆಯ ತುಂಡುಗಳು ಸರದಿಯಾಗಿ ಜೋಡಣೆಗೊಂಡಿರುತ್ತವೆ. ಪಾಲಿಯೆಸ್ಟರ್ ಅಥವಾ ಪಾಲಿಈಥರ್‌ನಿಂದಾದ ಉದ್ದನೆಯ ಮೆದು ತುಂಡುಗಳು ಸುರುಳಿ ಸುತ್ತಿಕೊಂಡಿದ್ದು ಹಿಗ್ಗುವ ಗುಣವನ್ನು ಕೊಡುತ್ತವೆ. ಯುರೆಥೇನ್‌ನ ಗಿಡ್ಡ ಗಟ್ಟಿ ತುಂಡುಗಳು ಹೈಡ್ರೋಜನ್ ಬಂಧಗಳಿಂದ ಒಂದಕ್ಕೊಂದು ಅಂಟಿ ಗುಂಪುಗೂಡಿ, ಸರಪಳಿಗಳು ಜಾರಿಹೋಗದಂತೆ ಗಂಟು ಹಾಕುತ್ತವೆ. ಟೈರಿನ ರಬ್ಬರಿನಲ್ಲಿ ಈ ಗಂಟು ಗಂಧಕದ ರಾಸಾಯನಿಕ ಬಂಧವಾದ್ದರಿಂದ ಅದನ್ನು ಕರಗಿಸಿ ಮತ್ತೆ ಬಳಸಲಾಗದು. ಟಿಪಿಯುವಿನ ಗಂಟು ಕಾಯಿಸಿದರೆ ಸಡಿಲವಾಗಿ, ತಣಿದರೆ ಮತ್ತೆ ಬೀಳುತ್ತದೆ. ಅದನ್ನು ಮುದ್ರಿಸಲು ಸಾಧ್ಯವಾಗುವುದು ಇದೇ ಕಾರಣಕ್ಕೆ. ಮುಂದೆ ಹೇಳಲಿರುವ ಹೆಚ್ಚಿನ ಉಪಚಾರಗಳು ಕೆಲಸ ಮಾಡುವುದೂ ಇದೇ ಕಾರಣಕ್ಕೆ.

ಅಚ್ಚಿನಲ್ಲಿ ತುಂಬಿ ಮಾಡಿದ ಟಿಪಿಯು ಸಾಮಾನ್ಯವಾಗಿ 30ರಿಂದ 50 ಮೆಗಾಪಾಸ್ಕಲ್‌ವರೆಗಿನ ಎಳೆತವನ್ನು (ಮೆಗಾಪಾಸ್ಕಲ್ ಎಂದರೆ ಒಂದು ಚದರ ಮಿಲಿಮೀಟರಿಗೆ ಒಂದು ನ್ಯೂಟನ್ ಬಲ) ತಾಳಿ, ಹರಿಯುವ ಮೊದಲು ತನ್ನ ಉದ್ದದ ನಾಲ್ಕರಿಂದ ಆರು ಪಟ್ಟು ಹಿಗ್ಗುತ್ತದೆ. ಅದೇ ಗಡಸುತನದ ಟಿಪಿಯುವನ್ನು ಪುಡಿಯಿಂದ ಬೆಸೆದು ಮುದ್ರಿಸಿದಾಗ ತಾಳುವ ಎಳೆತ ಹಲವು ಬಾರಿ 10 ಮೆಗಾಪಾಸ್ಕಲ್‌ನ ಆಸುಪಾಸಿಗೆ ಇಳಿಯುತ್ತದೆ. ಪದರಗಳಿಗೆ ಅಡ್ಡವಾಗಿ ಎಳೆದರೆ ಇನ್ನೂ ಕಡಿಮೆ. ಅಣುಗಳು ಅವೇ, ಬಂಧಗಳು ಅವೇ. ಬದಲಾಗಿರುವುದು ಭಾಗದ ಒಳಗೂ ಹೊರಗೂ ಉಳಿದುಬಿಟ್ಟ ಸಂದುಗಳು.

ಸಂದು ಎಷ್ಟು ಕೆಡುಕು ಮಾಡಬಲ್ಲದು? ಶಾಂಪೂವಿನ ಸಣ್ಣ ಪೊಟ್ಟಣವನ್ನು ಬರಿಗೈಯಿಂದ ಎಲ್ಲೆಂದರಲ್ಲಿ ಹರಿಯಲಾಗದು. ಅಂಚಿನಲ್ಲಿ ಕೊಟ್ಟಿರುವ ಪುಟ್ಟ ಕಚ್ಚಿನಿಂದ ಹರಿದರೆ ಒಮ್ಮೆಲೇ ಬರುತ್ತದೆ. ಈ ಕಚ್ಚಿನ ಲೆಕ್ಕವನ್ನು 1913ರಲ್ಲಿ ಇಂಗ್ಲಿಸ್ ಎಂಬ ಬ್ರಿಟಿಷ್ ಎಂಜಿನಿಯರ್ ಮಾಡಿಟ್ಟಿದ್ದಾರೆ: ಕಚ್ಚಿನ ಆಳವನ್ನು ಅದರ ತುದಿಯ ತ್ರಿಜ್ಯದಿಂದ ಭಾಗಿಸಿ, ವರ್ಗಮೂಲ ತೆಗೆದು, ಎರಡರಿಂದ ಗುಣಿಸಿ, ಒಂದನ್ನು ಕೂಡಿಸಿದರೆ ತುದಿಯಲ್ಲಿ ಒತ್ತಡ ಎಷ್ಟು ಪಟ್ಟು ಏರುತ್ತದೆ ಎಂಬುದು ಸಿಗುತ್ತದೆ. ಮುದ್ರಿತ ಮೇಲ್ಮೈಯಲ್ಲಿ ಎರಡು ಪುಡಿಕಣಗಳ ನಡುವಿನ ತಗ್ಗು 50 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಆಳವಿದ್ದು, ಅದರ ತುದಿಯ ತ್ರಿಜ್ಯ 2 ಮೈಕ್ರಾನ್ ಆಗಿದ್ದರೆ ಉತ್ತರ 11 ಪಟ್ಟು. ಆ ತಗ್ಗು ಅರ್ಧಂಬರ್ಧ ತುಂಬಿ 10 ಮೈಕ್ರಾನ್ ಆಳಕ್ಕೆ ಇಳಿದು, ತುದಿ 40 ಮೈಕ್ರಾನ್ ತ್ರಿಜ್ಯದ ದುಂಡುತನ ಪಡೆದರೆ ಉತ್ತರ 2 ಪಟ್ಟು. ಆಳ ಕಡಿಮೆಯಾಗುವುದಷ್ಟೇ ಅಲ್ಲ, ತುದಿ ದುಂಡಗಾಗುವುದೂ ಅಷ್ಟೇ ಮುಖ್ಯ ಎಂಬುದು ಇದರಲ್ಲಿ ಕಾಣುತ್ತದೆ.

ಆದರೆ ಇಂಗ್ಲಿಸ್ ಸೂತ್ರ ಉಕ್ಕು, ಗಾಜಿನಂಥ ಬಿರುಸಾದ ವಸ್ತುಗಳಿಗೆ ಹೇಳಿದ್ದು. ರಬ್ಬರನ್ನು ಎಳೆದಾಗ ಕಚ್ಚಿನ ತುದಿಯೂ ಹಿಗ್ಗಿ ತಾನಾಗಿಯೇ ಮೊಂಡಾಗುತ್ತದೆ, ಆದ್ದರಿಂದ ಮೇಲಿನ ಅಂಕಿಗಳನ್ನು ಅಕ್ಷರಶಃ ತೆಗೆದುಕೊಳ್ಳುವಂತಿಲ್ಲ. ರಬ್ಬರಿಗೆ ಹೊಂದುವ ಲೆಕ್ಕವನ್ನು ರಬ್ಬರ್ ಸಂಶೋಧಕರಾದ ರಿವ್ಲಿನ್ ಮತ್ತು ಥಾಮಸ್ 1953ರಲ್ಲಿ ಬೇರೆ ದಾರಿಯಿಂದ ಕೊಟ್ಟರು. ತುದಿಯಲ್ಲಿನ ಒತ್ತಡವನ್ನು ಬಿಟ್ಟು ಅವರು ಶಕ್ತಿಯನ್ನು ಲೆಕ್ಕ ಹಾಕಿದರು: ಸೀಳು ಸ್ವಲ್ಪ ಮುಂದೆ ಸರಿದಾಗ ಹಿಗ್ಗಿದ ರಬ್ಬರಿನಿಂದ ಎಷ್ಟು ಶಕ್ತಿ ಬಿಡುಗಡೆಯಾಗುತ್ತದೆ? ಅಂಚಿನಲ್ಲಿ ಸಣ್ಣ ಕಚ್ಚಿರುವ ಪಟ್ಟಿಯಲ್ಲಿ ಈ ಶಕ್ತಿ, ಅಂದರೆ ಹರಿಯುವ ಒತ್ತಾಯ, ಕಚ್ಚಿನ ಉದ್ದಕ್ಕೆ ನೇರ ಅನುಪಾತದಲ್ಲಿರುತ್ತದೆ. ಕಚ್ಚು ಅರ್ಧವಾದರೆ ಹರಿಯುವ ಒತ್ತಾಯವೂ ಅರ್ಧವಾಗುತ್ತದೆ.

ಈ ಲೆಕ್ಕ ನಿಜವಾಗಿ ಕೆಲಸಕ್ಕೆ ಬರುವುದು ಒಮ್ಮೆ ಎಳೆದು ಹರಿಯುವ ಪರೀಕ್ಷೆಯಲ್ಲಲ್ಲ, ಸಾವಿರಾರು ಬಾರಿ ಬಗ್ಗಿ ದಣಿಯುವ ಭಾಗಗಳಲ್ಲಿ. ಇನ್‌ಸೋಲ್ ಒಂದೊಂದು ಹೆಜ್ಜೆಗೂ ಬಗ್ಗುತ್ತದೆ. ಪ್ರತಿ ಬಾಗಿಗೂ ಸೀಳು ಕಣ್ಣಿಗೆ ಕಾಣದಷ್ಟು ಬೆಳೆಯುತ್ತದೆ. ಬೆಳವಣಿಗೆಯ ವೇಗ ಹರಿಯುವ ಒತ್ತಾಯದ ಒಂದು ಘಾತವನ್ನು ಅನುಸರಿಸುತ್ತದೆ. ನೈಸರ್ಗಿಕ ರಬ್ಬರಿಗೆ ಈ ಘಾತ ಸುಮಾರು 2, ಟೈರುಗಳಲ್ಲಿ ಬಳಸುವ ಸ್ಟೈರೀನ್-ಬ್ಯುಟಾಡೈಯೀನ್ ರಬ್ಬರಿಗೆ ಸುಮಾರು 4. ಲೆಕ್ಕವನ್ನು ಮುಂದುವರಿಸಿದರೆ, ಮೊದಲ ಕಚ್ಚನ್ನು ಅರ್ಧಕ್ಕೆ ಇಳಿಸಿದಾಗ ಭಾಗದ ಆಯುಸ್ಸು ಮೊದಲನೆಯ ಸಂದರ್ಭದಲ್ಲಿ 2 ಪಟ್ಟು, ಎರಡನೆಯದರಲ್ಲಿ 8 ಪಟ್ಟು ಆಗುತ್ತದೆ. ಮೇಲ್ಮೈಯನ್ನು ನಯಗೊಳಿಸುವುದನ್ನು ಅಲಂಕಾರ ಎಂದು ಕರೆಯುವವರು ಈ 8 ಪಟ್ಟನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದೇ ಹೇಳಬೇಕು.

ಹಾಗೆಂದು ನಯಗೊಳಿಸುತ್ತಲೇ ಹೋದರೆ ಲಾಭ ಬೆಳೆಯುತ್ತಲೇ ಇರುವುದಿಲ್ಲ. ಅಚ್ಚಿನಿಂದ ಬಂದ ಒಳ್ಳೆಯ ರಬ್ಬರಿನ ದಣಿವನ್ನು ಅಳೆದು ಹಿಂದಕ್ಕೆ ಲೆಕ್ಕ ಹಾಕಿದಾಗ, ಅದರೊಳಗೂ ಹುಟ್ಟಿನಿಂದಲೇ 20ರಿಂದ 50 ಮೈಕ್ರಾನ್‌ನ ಕುಂದುಗಳು ಇದ್ದಂತೆ ತೋರುತ್ತದೆ. ಸರಿಯಾಗಿ ಬೆರೆಯದ ಪುಡಿ, ಗಾಳಿಗುಳ್ಳೆ, ಧೂಳು ಇವಕ್ಕೆ ಕಾರಣ. ಮೇಲ್ಮೈಯ ತಗ್ಗುಗಳನ್ನು ಈ ಅಳತೆಗಿಂತ ಕೆಳಕ್ಕೆ ತಂದ ಮೇಲೆ ಸೀಳು ಒಳಗಿನ ಕುಂದಿನಿಂದ ಹೊರಡುತ್ತದೆ. ಮುಂದಿನ ನುಣುಪು ಕಣ್ಣಿಗೆ ಮಾತ್ರ. ಮುದ್ರಿತ ಭಾಗದ ಒಳಗಿನ ಸಂದುಗಳು ಇದಕ್ಕಿಂತ ದೊಡ್ಡವಾಗಿದ್ದರೆ ಈ ಮಿತಿ ಇನ್ನೂ ಬೇಗ ಬರುತ್ತದೆ. ಆದ್ದರಿಂದ ಒಳಗಿನಿಂದಲೇ ಆರಂಭಿಸಬೇಕು.

ಪುಡಿಯಿಂದ ಮುದ್ರಿಸುವ ವಿಧಾನಗಳಲ್ಲಿ ಎರಡು ಪ್ರಚಲಿತವಾಗಿವೆ. ಒಂದು, 1980ರ ದಶಕದಲ್ಲಿ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಡೆಕಾರ್ಡ್ ರೂಪಿಸಿದ, ಲೇಸರ್‌ನಿಂದ ಪುಡಿಯನ್ನು ಬೆಸೆಯುವ ವಿಧಾನ. ಇನ್ನೊಂದು, ಎಚ್‌ಪಿ ಕಂಪನಿ 2016ರಲ್ಲಿ ಮಾರುಕಟ್ಟೆಗೆ ತಂದ, ಶಾಖ ಹೀರುವ ಕಪ್ಪು ಶಾಯಿಯನ್ನು ಸಿಂಪಡಿಸಿ ಇನ್‌ಫ್ರಾರೆಡ್ ದೀಪದಿಂದ ಬೆಸೆಯುವ ವಿಧಾನ. ಎರಡರಲ್ಲೂ 0.1 ಮಿಲಿಮೀಟರ್‌ನ ಆಸುಪಾಸಿನ ದಪ್ಪಕ್ಕೆ ಹರಡಿದ ಪುಡಿಯ ಕಣಗಳು ಕರಗಿ, ಮೇಲ್ಮೈ ಕರ್ಷಣದಿಂದಾಗಿ ಒಂದಕ್ಕೊಂದು ಕೂಡಿಕೊಳ್ಳಬೇಕು. ಕಣಗಳ ನಡುವಿನ ಬೆಸುಗೆಯ ಕತ್ತು ಬೆಳೆಯುವ ವೇಗ ಮೇಲ್ಮೈ ಕರ್ಷಣ ಹೆಚ್ಚಿದಂತೆ ಹೆಚ್ಚುತ್ತದೆ, ಸ್ನಿಗ್ಧತೆ, ಅಂದರೆ ದ್ರವದ ದಪ್ಪತನ, ಹೆಚ್ಚಿದಂತೆ ಕುಗ್ಗುತ್ತದೆ ಎಂಬುದನ್ನು ಭೌತವಿಜ್ಞಾನಿ ಫ್ರೆಂಕೆಲ್ 1945ರಲ್ಲೇ ತೋರಿಸಿದ್ದರು. ಕರಗಿದ ಟಿಪಿಯು ದಪ್ಪನೆಯ ದ್ರವ. ಅಚ್ಚಿನಲ್ಲಿರುವಂತೆ ಅದನ್ನು ಒತ್ತುವ ಬಲವೂ ಇಲ್ಲಿಲ್ಲ. ಹೆಚ್ಚು ಶಾಖ ಕೊಟ್ಟರೆ ಸ್ನಿಗ್ಧತೆ ಇಳಿದು ಸಂದುಗಳು ಮುಚ್ಚಿಕೊಳ್ಳುತ್ತವೆ, ಬಲ ಏರುತ್ತದೆ; ಆದರೆ ಅದೇ ಶಾಖ ಸುತ್ತಲಿನ ಬೇಡದ ಪುಡಿಯನ್ನೂ ಭಾಗದ ಮೈಗೆ ಅಂಟಿಸುತ್ತದೆ. ಒಳಗಿನ ಬಲಕ್ಕಾಗಿ ಮಾಡಿದ ಬದಲಾವಣೆಯಿಂದ ಹೊರಮೈ ಇನ್ನಷ್ಟು ಒರಟಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಇಂಥ ಸಂದರ್ಭದಲ್ಲಿ ಒಳಗಿನ ಸಾಂದ್ರತೆಯನ್ನೇ ಆರಿಸಬೇಕು. ಹೊರಗಿನ ಒರಟನ್ನು ಆಮೇಲೆ ತೆಗೆಯಲು ದಾರಿಗಳಿವೆ, ಒಳಗಿನ ಸಂದನ್ನು ಮುಚ್ಚಲು ಹೆಚ್ಚಿನ ದಾರಿಗಳಿಲ್ಲ.

ತಂತಿಯ ರೂಪದ ಫಿಲಮೆಂಟನ್ನು ಕರಗಿಸಿ ನಾಜಲ್‌ನಿಂದ ಗೆರೆಗಳಾಗಿ ಎಳೆಯುವ ಅಗ್ಗದ ಯಂತ್ರಗಳಲ್ಲಿ ಕಥೆ ಬೇರೆ. ಅಲ್ಲಿ ಎರಡು ಗೆರೆಗಳು ಒಂದಕ್ಕೊಂದು ತಾಗಿದರೆ ಸಾಲದು. ಒಂದರ ಅಣುಸರಪಳಿಗಳು ಇನ್ನೊಂದರೊಳಕ್ಕೆ ನುಸುಳಿ ಹೆಣೆದುಕೊಳ್ಳಬೇಕು. ಸರಪಳಿಗಳ ಈ ಹರಿದಾಟವನ್ನು 1971ರಲ್ಲಿ ಫ್ರೆಂಚ್ ಭೌತವಿಜ್ಞಾನಿ ದ ಜೆನ್ ವಿವರಿಸಿದರು. ಆ ಸಿದ್ಧಾಂತದ ಪ್ರಕಾರ ಬೆಸುಗೆಯ ಬಲ ಸಮಯದ ನಾಲ್ಕನೆಯ ಮೂಲದಂತೆ ಏರುತ್ತದೆ, ಅಂದರೆ ಬಲ ಎರಡು ಪಟ್ಟಾಗಲು ಗೆರೆ 16 ಪಟ್ಟು ಹೆಚ್ಚು ಹೊತ್ತು ಬಿಸಿಯಾಗಿರಬೇಕು. ಬಿಸಿಯನ್ನು ಹೆಚ್ಚಿಸಿದರೆ ಹರಿದಾಟವೇ ಬಿರುಸಾಗುವುದರಿಂದ, ಕಾಯುವುದಕ್ಕಿಂತ ಕಾಯಿಸುವುದು ಲಾಭಕರ. ನಾಜಲನ್ನು 220ರಿಂದ 240 ಡಿಗ್ರಿ ಸೆಲ್ಸಿಯಸ್‌ನ ನಡುವೆ ಮೇಲಿನ ತುದಿಗೆ ಹತ್ತಿರವಿಡುವುದು, ತಣಿಸುವ ಫ್ಯಾನನ್ನು ನಿಲ್ಲಿಸುವುದು ಅಥವಾ ಬಹಳ ತಗ್ಗಿಸುವುದು, ಪದರವನ್ನು ತೆಳ್ಳಗಿಟ್ಟು ಗೆರೆಯನ್ನು ಅಗಲವಾಗಿಸುವುದು, ಗೆರೆಗಳ ನಡುವೆ ಉಳಿಯುವ ತ್ರಿಕೋನಾಕಾರದ ಸಂದು ತುಂಬುವಂತೆ ವಸ್ತುವನ್ನು ಲೆಕ್ಕಕ್ಕಿಂತ ತುಸು ಹೆಚ್ಚು ಬಿಡುವುದು, ಇವೆಲ್ಲ ಈ ತತ್ವದಿಂದ ಬಂದ ಕ್ರಮಗಳು. ಪ್ರತಿ ಪದರದ ಗೆರೆ ಆರಂಭವಾಗಿ ಮುಗಿಯುವ ಜಾಗದಲ್ಲಿ ಒಂದು ಗಾಯದ ಗುರುತು ಮೇಲಿನಿಂದ ಕೆಳಗಿನವರೆಗೆ ಉಳಿಯುತ್ತದೆ. ಅದನ್ನು ಎಳೆತ ಬೀಳುವ ಬದಿಯಲ್ಲಿ ಬಿಡದೆ, ಒತ್ತುವ ಬದಿಗೆ ತಿರುಗಿಸಿಡುವುದು ಖರ್ಚಿಲ್ಲದ ಉಪಾಯ. ಆದರೂ ಅನೇಕರು ಇದನ್ನು ತಂತ್ರಾಂಶದ ಇಚ್ಛೆಗೆ ಬಿಡುತ್ತಾರೆ.

ಇದೆಲ್ಲಕ್ಕಿಂತ ಮೊದಲು ತೇವ. ಟಿಪಿಯು ಗಾಳಿಯ ತೇವವನ್ನು ಹೀರುವ ವಸ್ತು. ಕರಗಿಸುವ ಮೊದಲು ಅದರ ತೇವಾಂಶ ಶೇಕಡ 0.02ರ ಆಸುಪಾಸಿಗೆ ಇಳಿದಿರಬೇಕೆಂದು ಅಚ್ಚಿನ ಕೆಲಸದವರು ಬಹಳ ಹಿಂದಿನಿಂದಲೂ ಪಾಲಿಸುತ್ತಾರೆ. ತೆರೆದಿಟ್ಟ ಸುರುಳಿ, ಅದರಲ್ಲೂ ಮಂಗಳೂರು-ಕಾರವಾರದ ಮಳೆಗಾಲದಲ್ಲಿ, ಈ ಮಟ್ಟವನ್ನು ಬೇಗನೆ ದಾಟುತ್ತದೆ. ತೇವ ನಾಜಲ್‌ನೊಳಗೆ ಆವಿಯಾಗಿ ಗುಳ್ಳೆ ಮಾಡುವುದು, ಮೈಯೆಲ್ಲ ಗಂಟುಗಂಟಾಗುವುದು ಕಣ್ಣಿಗೆ ಕಾಣುವ ಕೇಡು. ಕಾಣದ ಕೇಡು ಇದಕ್ಕಿಂತ ದೊಡ್ಡದು: ಆ ಬಿಸಿಯಲ್ಲಿ ನೀರು ಅಣುಸರಪಳಿಯ ಬಂಧಗಳನ್ನೇ ಕಡಿಯುತ್ತದೆ. ಸರಪಳಿ ಒಮ್ಮೆ ಗಿಡ್ಡವಾದರೆ ಮುದ್ರಿಸಿದ ಮೇಲೆ ಎಷ್ಟು ಒಣಗಿಸಿದರೂ ಬಲ ಮರಳುವುದಿಲ್ಲ. ಸುಮಾರು 60 ಡಿಗ್ರಿಯಲ್ಲಿ ಹಲವು ಗಂಟೆ ಒಣಗಿಸಿ, ಒಣಗುಪೆಟ್ಟಿಗೆಯಿಂದಲೇ ಯಂತ್ರಕ್ಕೆ ಎಳೆಯುವುದು ಸುರಕ್ಷಿತ ಕ್ರಮ.

ಇನ್ನು ಹೊರಮೈ. ಗಟ್ಟಿ ಪ್ಲಾಸ್ಟಿಕ್‌ಗೆ ಬಳಸುವ ಉಜ್ಜುವ ವಿಧಾನಗಳು ಇಲ್ಲಿ ಸೋಲುತ್ತವೆ. ಮಣಿಗಳನ್ನು ವೇಗವಾಗಿ ಸಿಡಿಸಿದರೆ ಅವು ರಬ್ಬರಿಗೆ ಬಡಿದು ಪುಟಿಯುತ್ತವೆ. ಅಂಟಿದ ಪುಡಿ ಉದುರುತ್ತದೆಯೇ ಹೊರತು ತಗ್ಗು ತುಂಬುವುದಿಲ್ಲ. ಉಪ್ಪುಕಾಗದದಿಂದ ಉಜ್ಜಿದರೆ ಮೈ ಸವೆಯುವ ಬದಲು ನಾರುನಾರಾಗಿ ಏಳುತ್ತದೆ, ಹೊಸ ಕಚ್ಚುಗಳೂ ಹುಟ್ಟುತ್ತವೆ. ರಬ್ಬರ್ ಕಾರ್ಖಾನೆಗಳಲ್ಲಿ ಸೀಲ್‌ಗಳ ಅಂಚಿನ ಹೆಚ್ಚುವರಿ ರಬ್ಬರನ್ನು ತೆಗೆಯಲು ದ್ರವ ಸಾರಜನಕದಿಂದ ತಣಿಸಿ ಗಾಜಿನಂತಾಗಿಸಿದ ಮೇಲೆ ಮಣಿ ಸಿಡಿಸುತ್ತಾರೆ. ದಪ್ಪನೆಯ, ಸರಳ ಆಕಾರದ ಮುದ್ರಿತ ಭಾಗಕ್ಕೂ ಇದನ್ನು ಮಾಡಬಹುದು. ಆದರೆ ತೆಳುವಾದ ಜಾಲರಿ ಆ ಸ್ಥಿತಿಯಲ್ಲಿ ಮುರಿದೇ ಹೋಗುವ ಅಪಾಯವಿದೆ.

ಹೀಗಾಗಿ ಟಿಪಿಯುಗೆ ಹೆಚ್ಚು ಒಗ್ಗಿರುವುದು ದ್ರಾವಕದ ಆವಿಯಿಂದ ನಯಗೊಳಿಸುವ ವಿಧಾನ. ಮ್ಯೂನಿಕ್‌ನ ಡೈಮ್ಯಾನ್ಶನ್, ಶೆಫೀಲ್ಡ್‌ನ ಎಎಂಟಿ ಮುಂತಾದ ಕಂಪನಿಗಳು ಇದಕ್ಕಾಗಿಯೇ ಮುಚ್ಚಿದ ಯಂತ್ರಗಳನ್ನು ಮಾಡುತ್ತವೆ. ಭಾಗವನ್ನು ಕೋಣೆಯೊಳಗೆ ತೂಗುಹಾಕಿ, ಗಾಳಿಯನ್ನು ಹೊರತೆಗೆದು, ದ್ರಾವಕದ ಆವಿಯನ್ನು ಬಿಡುತ್ತಾರೆ. ಭಾಗ ಆವಿಗಿಂತ ತಣ್ಣಗಿರುವುದರಿಂದ ಅದರ ಮೈಮೇಲೆ ದ್ರಾವಕ ತೆಳುಪೊರೆಯಾಗಿ ಇಳಿಯುತ್ತದೆ. ಹೊರಗಿನ ಕೆಲವೇ ಮೈಕ್ರಾನ್‌ಗಳಿಂದ ಕೆಲವು ಹತ್ತು ಮೈಕ್ರಾನ್‌ಗಳಷ್ಟು ಆಳದಲ್ಲಿ ಗಟ್ಟಿ ತುಂಡುಗಳ ಹೈಡ್ರೋಜನ್ ಬಂಧಗಳು ಸಡಿಲವಾಗಿ, ಆ ಪದರ ದ್ರವದಂತೆ ಹರಿಯತೊಡಗುತ್ತದೆ. ಆಗ ಮೇಲ್ಮೈ ಕರ್ಷಣ ಉಬ್ಬುಗಳನ್ನು ತಗ್ಗುಗಳಿಗೆ ಎಳೆಯುತ್ತದೆ. ಬಳಿಕ ನಿರ್ವಾತದಲ್ಲಿ ಕಾಯಿಸಿ ದ್ರಾವಕವನ್ನು ಹಿಂದಕ್ಕೆ ಪಡೆದರೆ ಬಂಧಗಳು ಮತ್ತೆ ಕೂಡುತ್ತವೆ. ಪುಡಿಯಿಂದ ಮಾಡಿದ ಭಾಗದ ಸರಾಸರಿ ಒರಟುತನ 10 ಮೈಕ್ರಾನ್‌ಗೂ ಮಿಕ್ಕಿದ್ದುದು ಒಂದೆರಡು ಮೈಕ್ರಾನ್‌ಗೆ ಇಳಿಯಬಲ್ಲದು. ಹೊರಗಿನಿಂದ ಏನನ್ನೂ ಸೇರಿಸದೆ, ಏನನ್ನೂ ಕೆರೆದು ತೆಗೆಯದೆ, ಅದೇ ವಸ್ತುವಿನಿಂದಲೇ ತಗ್ಗು ತುಂಬುವುದು ಈ ವಿಧಾನದ ಹೆಚ್ಚುಗಾರಿಕೆ. ಮೈಯ ರಂಧ್ರಗಳು ಮುಚ್ಚುವುದರಿಂದ ಬೆವರು, ಕೊಳೆ ಒಳಗಿಳಿಯುವುದೂ ತಪ್ಪುತ್ತದೆ. ಇನ್‌ಸೋಲ್‌ಗೆ ಇದು ಸಣ್ಣ ಲಾಭವಲ್ಲ.

ಇದರ ಮಿತಿಯನ್ನು ತಿಳಿಯಲು ತೆಳುಪೊರೆಯ ದ್ರವ ಹೇಗೆ ಸಮವಾಗುತ್ತದೆ ಎಂಬ ಲೆಕ್ಕವೊಂದನ್ನು ನೋಡಬೇಕು. ಬಣ್ಣ ಬಳಿದ ಗೋಡೆಯ ಮೇಲಿನ ಕುಂಚದ ಗೆರೆಗಳು ಮಾಯವಾಗುವುದಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ. ಉಬ್ಬುಗಳ ನಡುವಿನ ಅಂತರಕ್ಕೆ ಹೋಲಿಸಿದರೆ ಪೊರೆ ತೆಳುವಾಗಿದ್ದಾಗ, ಸಮವಾಗಲು ಬೇಕಾದ ಸಮಯ ಆ ಅಂತರದ ನಾಲ್ಕನೆಯ ಘಾತದಂತೆ ಏರುತ್ತದೆ. ಪುಡಿಕಣಗಳ ಅಂತರ ಸುಮಾರು 70 ಮೈಕ್ರಾನ್ ಎಂದಿಟ್ಟುಕೊಳ್ಳೋಣ. 0.1 ಮಿಲಿಮೀಟರ್ ಪದರಗಳಲ್ಲಿ ಕಟ್ಟಿದ, ನೆಲಕ್ಕೆ 10 ಡಿಗ್ರಿಯಷ್ಟೇ ಓರೆಯಾಗಿರುವ ಮೈಯಲ್ಲಿ ಪದರಗಳ ಅಂಚುಗಳಿಂದಾಗುವ ಮೆಟ್ಟಿಲಿನ ಅಗಲ ಸುಮಾರು 570 ಮೈಕ್ರಾನ್ ಬರುತ್ತದೆ, ಅಂದರೆ ಎಂಟು ಪಟ್ಟು. ಎಂಟರ ನಾಲ್ಕನೆಯ ಘಾತ ನಾಲ್ಕು ಸಾವಿರಕ್ಕೂ ಹೆಚ್ಚು! ಕಣಗಳ ತರಿ ನಿಮಿಷಗಳಲ್ಲಿ ಮಾಯವಾದರೂ ಮೆಟ್ಟಿಲುಗಳು ನುಣ್ಣಗೆ ಹೊಳೆಯುತ್ತ ಹಾಗೆಯೇ ಉಳಿಯುವುದು ಇದಕ್ಕೇ. ಅವನ್ನೂ ಕರಗಿಸಲು ಆವಿಯನ್ನು ಹೆಚ್ಚು ಹೊತ್ತು ಬಿಟ್ಟರೆ ಚೂಪಾದ ಅಂಚುಗಳು ದುಂಡಗಾಗಿ, ತೆಳುವಾದ ಎಳೆಗಳು ಜೋತುಬಿದ್ದು, ಅಳತೆಯೇ ಕೆಡುತ್ತದೆ. ಮೆಟ್ಟಿಲಿನ ಪರಿಹಾರ ಮುದ್ರಣದ ಮೊದಲೇ ಆಗಬೇಕು: ಮುಖ್ಯವಾದ ಮೈ ನೆಟ್ಟಗೆ ಅಥವಾ ಕಡಿದಾದ ಓರೆಯಲ್ಲಿ ಬರುವಂತೆ ಭಾಗವನ್ನು ತಿರುಗಿಸಿಡಬೇಕು.

ಬಲದ ಮೇಲೆ ಆವಿಯ ಪರಿಣಾಮ ನಿರೀಕ್ಷೆಯಂತೆಯೇ ಇರುತ್ತದೆ. ಹರಿಯುವ ಮೊದಲು ಎಷ್ಟು ಹಿಗ್ಗುತ್ತದೆ ಎಂಬ ಅಳತೆಯಲ್ಲಿ ಹೆಚ್ಚಿನ ಸುಧಾರಣೆ ಕಾಣುತ್ತದೆ, ಏಕೆಂದರೆ ಅದನ್ನು ನಿರ್ಧರಿಸುವುದು ಅತಿ ಕೆಟ್ಟ ಕಚ್ಚು. ಬಿಗುಪು ಹೆಚ್ಚು ಬದಲಾಗುವುದಿಲ್ಲ, ಏಕೆಂದರೆ ಅದು ಭಾಗದ ಇಡೀ ಒಡಲಿಗೆ ಸಂಬಂಧಿಸಿದ್ದು. ದ್ರಾವಕ ಪೂರ್ತಿ ಹೋಗದೆ ಉಳಿದರೆ ಮಾತ್ರ ಭಾಗ ಇರಬೇಕಾದ್ದಕ್ಕಿಂತ ಮೆದುವಾಗಿ ತೋರುತ್ತದೆ. ಒಂದೆರಡು ದಿನ ಬಿಟ್ಟು ಗಡಸುತನವನ್ನೂ ತೂಕವನ್ನೂ ಮತ್ತೆ ಅಳೆದರೆ ಇದು ಗೊತ್ತಾಗುತ್ತದೆ. ಟಿಪಿಯುವನ್ನು ಕರಗಿಸುವ ಡೈಮೀಥೈಲ್ ಫಾರ್ಮಮೈಡ್ ಯಕೃತ್ತಿಗೂ ಗರ್ಭದಲ್ಲಿರುವ ಶಿಶುವಿಗೂ ಹಾನಿಕರ, ಟೆಟ್ರಾಹೈಡ್ರೋಫ್ಯುರಾನ್ ಸುಲಭವಾಗಿ ಬೆಂಕಿ ಹೊತ್ತುವಂಥದ್ದು. ಮನೆಯ ಡಬ್ಬಿಯಲ್ಲಿ ಈ ಪ್ರಯೋಗಕ್ಕೆ ಕೈಹಾಕಬಾರದು.

ಆವಿಯ ಜೊತೆಗೆ ಇನ್ನೆರಡು ಉಪಚಾರಗಳಿವೆ. 80ರಿಂದ 110 ಡಿಗ್ರಿಯ ನಡುವೆ ಹಲವು ಗಂಟೆ ಕಾಯಿಸಿಟ್ಟರೆ ಗಟ್ಟಿ ತುಂಡುಗಳು ಮೆದು ತುಂಡುಗಳಿಂದ ಇನ್ನಷ್ಟು ಬೇರ್ಪಟ್ಟು ಗುಂಪುಗೂಡುತ್ತವೆ. ಬಹುಕಾಲ ಒತ್ತಿಟ್ಟ ಭಾಗ ಚಪ್ಪಟೆಯಾಗಿಯೇ ಉಳಿಯುವ ದೋಷ ಇದರಿಂದ ಕಡಿಮೆಯಾಗುತ್ತದೆ. ಗ್ಯಾಸ್ಕೆಟ್‌ಗಳಿಗೆ ಈ ಗುಣ ಎಳೆತದ ಬಲಕ್ಕಿಂತ ಮುಖ್ಯ. ಇನ್ನೊಂದು, ಪಾಲಿಯುರೆಥೇನ್‌ನ ಲೇಪನ. ಲೇಪನ ತಳದಷ್ಟೇ ಹಿಗ್ಗುವಂತಿರಬೇಕು ಎಂಬುದೊಂದೇ ಇಲ್ಲಿ ಕಟ್ಟುನಿಟ್ಟಿನ ನಿಯಮ. ಬಿರುಸಾದ ಲೇಪನ ಮೊದಲು ತಾನು ಬಿರಿದು, ಆ ಬಿರುಕಿನ ಚೂಪು ತುದಿಯನ್ನು ತಳದ ರಬ್ಬರಿನೊಳಕ್ಕೆ ನಾಟುತ್ತದೆ. ಲೇಪನವಿಲ್ಲದ ಒರಟು ಮೈಯೇ ಅದಕ್ಕಿಂತ ಮೇಲು.

ಬೆಳಕಿನಿಂದ ಗಟ್ಟಿಯಾಗುವ ದ್ರವ ರಾಳದಿಂದ ಮಾಡಿದ ಎಲಾಸ್ಟೊಮರ್‌ಗಳಲ್ಲಿ ತೊಂದರೆ ತಿರುಗುಮುರುಗು. ಅಲ್ಲಿ ಮೈ ಮೊದಲೇ ನಯವಾಗಿರುತ್ತದೆ, ಪದರಗಳು ರಾಸಾಯನಿಕವಾಗಿ ಬೆಸೆದಿರುತ್ತವೆ. ಆದರೆ ದಟ್ಟವಾದ ಅಡ್ಡಬಂಧಗಳಿಂದಾಗಿ ವಸ್ತುವೇ ಸುಲಭವಾಗಿ ಹರಿಯುವಂಥದ್ದು. ಆಮ್ಲಜನಕ ಅಡ್ಡಿಪಡಿಸುವುದರಿಂದ ಹೊರಮೈ ಅಂಟಂಟಾಗಿ ಉಳಿಯುವುದೂ ಉಂಟು. ಕೊನೆಯ ಬೆಳಕಿನ ಉಪಚಾರವನ್ನು ಸಾರಜನಕದಲ್ಲಿ ಅಥವಾ ನೀರಿನಲ್ಲಿ ಮುಳುಗಿಸಿ ಕೊಟ್ಟರೆ ಅದು ತೀರುತ್ತದೆ. ಕಾರ್ಬನ್ ಕಂಪನಿಯ ರಾಳಗಳು ಬೆಳಕಿನಿಂದ ಆಕಾರ ಪಡೆದು, ಆಮೇಲೆ ಒಲೆಯ ಶಾಖದಲ್ಲಿ ಪಾಲಿಯುರೆಥೇನ್ ಆಗಿ ಬಲ ಪಡೆಯುತ್ತವೆ; 2017ರಲ್ಲಿ ಪ್ರಕಟವಾದ ಅಡಿಡಾಸ್‌ನ ಫ್ಯೂಚರ್‌ಕ್ರಾಫ್ಟ್ 4ಡಿ ಶೂಗಳ ನಡುಪದರ ಆ ದಾರಿಯಲ್ಲಿ ಬಂದದ್ದು.

ಮಾಡಿದ ಉಪಚಾರ ಫಲಿಸಿತೇ ಎಂದು ಅಳೆಯುವಾಗ ಎರಡು ಕಡೆ ಎಚ್ಚರ ಬೇಕು. ಸರಾಸರಿ ಒರಟುತನದ ಅಂಕಿ ಆಳವಾದ ಒಂದೇ ತಗ್ಗನ್ನು ಬಚ್ಚಿಡಬಲ್ಲದು. ಸೀಳು ಹೊರಡುವುದು ಅಲ್ಲಿಂದಲೇ ಆದ್ದರಿಂದ ಅತಿ ಆಳದ ತಗ್ಗಿನ ಅಂಕಿಯನ್ನೂ ಕೇಳಿ ಪಡೆಯಬೇಕು, ಮತ್ತು ಸೂಜಿಯ ಉಪಕರಣ ಮೆದು ಮೈಯನ್ನು ಒತ್ತಿ ಗೀರುವುದರಿಂದ ಬೆಳಕಿನಿಂದ ಅಳೆಯುವ ಉಪಕರಣವೇ ಸೂಕ್ತ. ಎರಡನೆಯದು, ಐಎಸ್‌ಒ 37 ಮಾನಕದಂತೆ ಎಳೆತದ ಪರೀಕ್ಷೆಗೆ ಬಳಸುವ ಡಂಬೆಲ್ ಆಕಾರದ ಪಟ್ಟಿಗಳನ್ನು ರಬ್ಬರಿನ ಹಾಳೆಯಿಂದ ಹರಿತವಾದ ಅಚ್ಚಿನಲ್ಲಿ ಕತ್ತರಿಸಿ ತೆಗೆಯುವುದು ವಾಡಿಕೆ. ಮುದ್ರಿತ ಹಾಳೆಯಿಂದ ಹೀಗೆ ಕತ್ತರಿಸಿದರೆ ಪಟ್ಟಿಯ ಅಂಚುಗಳು ಚೊಕ್ಕವಾಗಿ, ಮುದ್ರಣದ ಒರಟು ಅಂಚು ಪರೀಕ್ಷೆಗೇ ಒಳಗಾಗುವುದಿಲ್ಲ, ಫಲಿತಾಂಶ ನಿಜಕ್ಕಿಂತ ಚೆನ್ನಾಗಿ ಬರುತ್ತದೆ. ಬಳಕೆಯ ಭಾಗದ ಅಂಚು ಮುದ್ರಿತ ಅಂಚೇ ಆಗಿದ್ದರೆ, ಪಟ್ಟಿಯನ್ನೂ ಅದೇ ಆಕಾರದಲ್ಲಿ ನೇರವಾಗಿ ಮುದ್ರಿಸಿ, ಅದೇ ಆವಿಗೆ ಒಡ್ಡಿ, ಪದರಗಳಿಗೆ ಉದ್ದವಾಗಿಯೂ ಅಡ್ಡವಾಗಿಯೂ ಎಳೆದು ನೋಡಬೇಕು. ಮುದ್ರಣದ ಸೇವೆ ಒದಗಿಸುವವರು ಕೊಡುವ ದತ್ತಾಂಶದ ಹಾಳೆಯಲ್ಲಿ ಪಟ್ಟಿಯನ್ನು ಕತ್ತರಿಸಿದ್ದೋ ಮುದ್ರಿಸಿದ್ದೋ ಎಂಬುದು ನಮೂದಾಗಿಲ್ಲದಿದ್ದರೆ, ಎರಡು ಕಂಪನಿಗಳ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವಂತಿಲ್ಲ.